ಬಿಡುವಿನ ಬಿಲ್ಲೆ

ಊಟ ಮುಗಿಸಿ ಬಂದಾಗ ನನ್ನ ಜಾಗದಲ್ಲಿ ಒಬ್ಬ ಉದ್ದನೆಯ ಹುಡುಗ ಕೂತಿದ್ದ. ನನ್ನ ಪುಸ್ತಕಗಳನ್ನೆಲ್ಲ ಕಿಟಕಿಯ ಕಟ್ಟೆಯ ಮೇಲೆ ಎತ್ತರದ ಪ್ರಕಾರ ಜೋಡಿಸಿಟ್ಟಿದ್ದ. ಪೆನ್ನುಗಳನ್ನೂ ಬಿಡದೆ ಸಾಲಾಗಿ ಮಲಗಿಸಿದ್ದ. ಇಷ್ಟು ನಾಜೂಕಾಗಿ ಒಕ್ಕಲೆಬ್ಬಿಸುವವನನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಪರೀಕ್ಷೆಯ ತಿಂಗಳುಗಳಲ್ಲಿ ಜರ್ಮನಿಯ ಮ್ಯೂನ್ಸ್ಟರಿನ ಲೈಬ್ರರಿಯಲ್ಲಿ ಒಂದು ಕುರ್ಚಿಗೆ ನಾಲ್ಕು ಜನ ಕಾದಿರುತ್ತಾರೆ. ಅದಕ್ಕೇ ನಮಗೆಲ್ಲ ಗಡಿಯಾರದ ಮುಖದಂಥ ರಟ್ಟಿನ ಬಿಡುವಿನ ಬಿಲ್ಲೆ ಕೊಟ್ಟಿದ್ದಾರೆ. ಏಳುವಾಗ, ಹೊರಟ ಸಮಯಕ್ಕೆ ಅದರ ಮುಳ್ಳು ತಿರುಗಿಸಿ ಮೇಜಿನ ಮೇಲಿಡಬೇಕು. ಅರವತ್ತು ನಿಮಿಷದೊಳಗೆ ಬಂದರೆ ಜಾಗ ನಮ್ಮದು, ತಪ್ಪಿದರೆ ಯಾರು ಬೇಕಾದರೂ ಕೂರಬಹುದು. ನಮ್ಮ ಜನ ದೇವರನ್ನು ನಂಬದಿದ್ದರೂ ಇಂಥ ನಿಯಮಗಳನ್ನು ನಂಬುತ್ತಾರೆ.

"ಏಳು," ಎಂದೆ ಪಿಸುದನಿಯಲ್ಲಿ.

ಅವನು ನನ್ನ ಬಿಲ್ಲೆ ತೋರಿಸಿದ. "ಒಂದು ಗಂಟೆಗೆ ಬರ್ತೀನಿ ಅಂತ ಇಟ್ಟಿದೀಯ. ಈಗ ಒಂದೂವರೆ. ಕಾಲು ಗಂಟೆ ಕಾದೆ, ಆಮೇಲೇ ಕೂತಿದ್ದು."

"ಅದು ಬರೋ ಟೈಮ್ ಅಲ್ಲ, ಹೋದ ಟೈಮ್! ಅಲ್ಲೇ ಕೆಳಗೆ ಬರೆದಿದೆ. ಓದಕ್ಕೆ ಬರಲ್ವಾ?"

ಅವನು ಬಿಲ್ಲೆಯನ್ನು ಮೂಗಿನ ಹತ್ತಿರ ಹಿಡಿದು ಓದಿದ. ಕಿವಿಯ ತುದಿಯಲ್ಲಿ ಹುಟ್ಟಿದ ಕೆಂಪು ನಿಧಾನವಾಗಿ ಕುತ್ತಿಗೆಗೆ ಇಳಿಯಿತು. ನಾನು ಅದನ್ನು ಪೂರ್ತಿ ನೋಡಿದೆ, ಒಪ್ಪಿಕೊಳ್ಳುತ್ತೇನೆ.

"ಅಯ್ಯೋ. ನಮ್ಮ ಹಳೇ ಊರಲ್ಲಿ ಬರೋ ಟೈಮ್ ಇಡ್ತಿದ್ವಿ."

"ಏನು ಓದ್ತಿರೋದು ನೀನು?"

"ಮೆಡಿಸಿನ್. ಕೊನೇ ಪರೀಕ್ಷೆ."

"ದೇವರೇ ಗತಿ! ಯಾವ ಕಾಲು ಕೊಯ್ಯಬೇಕು ಅಂತ ಕೆಳಗೆ ಬರೆದಿರ್ತಾರೆ. ಅದನ್ನಾದ್ರೂ ಓದಪ್ಪ."

ನಗಬಾರದ ಜಾಗದಲ್ಲಿ ಅವನು ಗಟ್ಟಿಯಾಗಿ ನಕ್ಕುಬಿಟ್ಟ. ಸುತ್ತಲಿನ ಮೂರು ಮೇಜುಗಳಿಂದ 'ಶ್' ಎಂದರು. ಹೆಸರು ಯೋಸ್ಟ್ ಎಂದ. ನಾನು ಇಮ್ಕೆ ಎಂದೆ.

ತಪ್ಪುಕಾಣಿಕೆಯಾಗಿ ಅಂದು ನಾಲ್ಕು ಗಂಟೆಗೆ ಕಾಫಿ ಕೊಡಿಸಿದ. ಮರುದಿನವೂ ಕೊಡಿಸಿದ. ಮೂರನೆಯ ದಿನ ಕಾಸು ನಾನೇ ಕೊಟ್ಟೆ, ಏಕೆಂದರೆ ಅಷ್ಟರಲ್ಲಿ ತಪ್ಪು ಯಾರದೆಂಬುದು ಮರೆತುಹೋಗಿತ್ತು. ಪಕ್ಕದ ಕುರ್ಚಿ ಅವನದಾಯಿತು. ಲೈಬ್ರರಿಯ ಮೆಟ್ಟಿಲ ಮೇಲೆ ದಿನಕ್ಕೆ ಇಪ್ಪತ್ತು ನಿಮಿಷ; ಅಷ್ಟು ಹೊತ್ತು ನಾನು ಓದುವ ಕಾನೂನೂ ಇಲ್ಲ, ಅವನು ಓದುವ ರೋಗವೂ ಇಲ್ಲ ಎಂದು ಒಪ್ಪಂದ.

ಒಪ್ಪಂದ ಮುರಿದವಳು ನಾನೇ. ಏಪ್ರಿಲ್ ಮೊದಲ ವಾರ, ನನ್ನ ಕಾಫಿ ಕುಡಿಯದೆ ಆರಿಹೋದದ್ದನ್ನು ಅವನು ನೋಡಿದ. ಮುಚ್ಚಿಡಲಾಗಲಿಲ್ಲ.

"ಈ ಪರೀಕ್ಷೆ ನಂಗೆ ಎರಡನೇ ಸಲ ಕಣೋ. ಹೋದ ಸಲ ಮೂರನೇ ಪೇಪರಲ್ಲಿ ತಲೆ ಖಾಲಿಯಾಗೋಯ್ತು. ನನ್ನ ಹೆಸರು ಬಿಟ್ಟು ಬೇರೇನೂ ನೆನಪಿರ್ಲಿಲ್ಲ. ಮೂರನೇ ಸಲ ಕೂರಕ್ಕೆ ಬಿಡಲ್ಲ. ಇದೂ ಹೋದ್ರೆ ಏಳು ವರ್ಷ ಓದಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ."

"ಖಾಲಿಯಾದಾಗ ಏನ್ ಮಾಡ್ದೆ?"

"ಇನ್ನೂ ಜೋರಾಗಿ ಯೋಚನೆ ಮಾಡ್ದೆ. ಇನ್ನೂ ಖಾಲಿಯಾಯ್ತು."

"ಬಿಲ್ಲೆ ಇಟ್ಟು ಎದ್ದುಹೋಗ್ಬೇಕಿತ್ತು."

"ಪರೀಕ್ಷೆ ಹಾಲಲ್ಲಿ ಬಿಲ್ಲೆ ಬಿಡ್ತಾರಾ, ಪೆದ್ದ?"

"ಮನಸ್ಸಲ್ಲೇ ಇಡು. ಹತ್ತು ನಿಮಿಷ. ಜಾಗ ನಿಂದೇ ಇರುತ್ತೆ. ಎಬ್ಬಿಸಕ್ಕೆ ನನ್ನಂಥ ದಡ್ಡ ಅಲ್ಲಿರಲ್ವಲ್ಲ."

ಅದು ಡಾಕ್ಟರು ಹೇಳುವ ಮಾತೇ ಎಂದು ನಕ್ಕೆ. ಆದರೆ ಆ ರಾತ್ರಿ ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ.

ತಿಂಗಳ ನಡುವೆ ಅವನು ನೆಗಡಿಯೆಂದು ಮೂರು ದಿನ ಬರಲಿಲ್ಲ. ಆ ಮೂರು ದಿನವೂ ನಾಲ್ಕು ಗಂಟೆ ಎಂಬುದು ಬಹಳ ಉದ್ದವಾಗಿತ್ತು. ಮತ್ತೆ ಬಂದ. ನಿನ್ನ ಪರೀಕ್ಷೆ ಯಾವಾಗ ಎಂದರೆ "ಹತ್ರ ಬಂತು" ಎನ್ನುತ್ತಿದ್ದ. ಹನ್ನೆರಡು ದಿನ ಕಳೆಯಿತು. ನನ್ನ ಮೊದಲ ಪೇಪರಿಗೆ ಎರಡೇ ದಿನ ಉಳಿದಾಗ, ಅವನ ಮುಂದೆ ತೆರೆದಿದ್ದ ಹೃದಯದ ಚಿತ್ರ ವಾರದಿಂದ ಬದಲಾಗಿಲ್ಲವೆಂದು ಹೊಳೆಯಿತು. ಪುಸ್ತಕ ಎಳೆದೆ. ಅದರಡಿ ಹಕ್ಕಿಗಳ ಸಚಿತ್ರ ಪುಸ್ತಕವಿತ್ತು.

"ಏನೋ ಇದು?"

ಮತ್ತೆ ಕಿವಿಯ ತುದಿ ಕೆಂಪಾಯಿತು. "ನನ್ನ ಪರೀಕ್ಷೆ ಮುಗೀತು. ಆ ನೆಗಡಿ ಬಂದಿತ್ತಲ್ಲ, ಅದೇ ಮೂರು ದಿನ."

"ಮತ್ತೆ ಇಲ್ಲಿಗ್ಯಾಕೆ ಬರ್ತೀಯ? ಜಾಗಕ್ಕೆ ಜನ ಹೊಡೆದಾಡ್ತಿದಾರೆ!"

"ನಾಲ್ಕು ಗಂಟೆ ಆಗುತ್ತಲ್ಲ, ಅದಕ್ಕೆ."

ಅವನು ಹಕ್ಕಿಗಳ ಪುಸ್ತಕ ಮುಚ್ಚಿ, ನನ್ನ ಪುಸ್ತಕವನ್ನು ನನ್ನೆದುರಿಗೆ ತಳ್ಳಿದ.

"ಉಳಿದಿದ್ದು ನಿನ್ನ ಪರೀಕ್ಷೆ ಆದ್ಮೇಲೆ ಹೇಳ್ತೀನಿ," ಎಂದ. "ಈಗ ಓದು."

ಓದುವುದೆಲ್ಲಿಂದ ಬಂತು! ಆ ಸಂಜೆ ಒಂದೇ ಪುಟವನ್ನು ಆರು ಸಲ ತಿರುವಿದೆ. ಸಂತೋಷವಾಗಿತ್ತು, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಂತೋಷ.

ಮೂರನೆಯ ಪೇಪರಿನ ದಿನ, ಹನ್ನೊಂದರ ಸುಮಾರಿಗೆ, ತಲೆ ಮತ್ತೆ ಖಾಲಿಯಾಯಿತು. ಅದೇ ಬಿಳಿ ಹಾಳೆ, ಅದೇ ಬೆವರು. ಪೆನ್ನು ಕೆಳಗಿಟ್ಟೆ. ಮನಸ್ಸಿನಲ್ಲೇ ಮುಳ್ಳು ತಿರುಗಿಸಿ ಬಿಲ್ಲೆಯನ್ನು ಮೇಜಿನ ಮೇಲಿಟ್ಟೆ. ಐದು ತಾಸಿನ ಪೇಪರಾದ್ದರಿಂದ ತಿಂಡಿ ತರಲು ಬಿಡುತ್ತಾರೆ; ಚೀಸ್ ಬ್ರೆಡ್ಡು ಬಿಚ್ಚಿ, ಒಂದೊಂದು ತುತ್ತನ್ನೂ ಅಗಿದು ತಿಂದೆ. ಎದುರಿನವಳ ಜಡೆಯಲ್ಲಿ ಎಷ್ಟು ಹೆಣಿಗೆ ಇದೆಯೆಂದು ಎಣಿಸಿದೆ. ಹತ್ತು ನಿಮಿಷದ ಮೇಲೆ ಹಿಂದಿರುಗಿದರೆ ಜಾಗ ನನ್ನದೇ ಆಗಿತ್ತು, ಪ್ರಶ್ನೆಯೂ ಸ್ವಲ್ಪ ಸಣ್ಣದಾಗಿತ್ತು. ಗಂಟೆ ಬಾರಿಸುವವರೆಗೂ ಬರೆದೆ. ನಾನು ಪಾಸಾದದ್ದೂ, ಆ ಪೇಪರಿಗೇ ಎಲ್ಲಕ್ಕಿಂತ ಹೆಚ್ಚು ಅಂಕ ಬಂದದ್ದೂ ತಿಳಿದದ್ದು ಆಗಸ್ಟಿನಲ್ಲಿ.

ಆರನೆಯ ಪೇಪರು, ಕೊನೆಯದು, ಎರಡು ಗಂಟೆಗೆ ಮುಗಿಯಿತು. ಹೊರಗೆ ಗೆಳೆಯರೂ ಅಪ್ಪ ಅಮ್ಮಂದಿರೂ ವೈನ್ ಬಾಟಲಿಗಳ ಬಿರಡೆ ಹಾರಿಸುತ್ತಿದ್ದರು. ನಮ್ಮ ಮನೆಯವರಿಗೆ ಬರಬೇಡಿ ಎಂದು ನಾನೇ ಹೇಳಿದ್ದೆ. ಯೋಸ್ಟ್ ಬರುತ್ತೇನೆಂದಿದ್ದ. ಗುಂಪಿನಲ್ಲಿ ಎಷ್ಟು ಹುಡುಕಿದರೂ ಆ ಉದ್ದನೆಯ ಹುಡುಗನ ತಲೆ ಕಾಣಲಿಲ್ಲ.

ನನ್ನ ಸೈಕಲ್ಲಿನ ಸೀಟಿಗೆ ರಬ್ಬರ್ ಬ್ಯಾಂಡಿನಿಂದ ಅವನ ಬಿಲ್ಲೆ ಸಿಕ್ಕಿಸಿತ್ತು. ಮುಳ್ಳು ಎರಡೂವರೆಯ ಮೇಲಿತ್ತು.

ಕಾದು ಕಾದು ಎರಡೂವರೆಗೆ ಹೊರಟೇ ಹೋದನೇ? ಆಮೇಲೆ ಚರ್ಚಿನ ಗಡಿಯಾರ ನೋಡಿದೆ. ಎರಡೂಕಾಲು. ಎರಡೂವರೆ ಇನ್ನೂ ಆಗಿಯೇ ಇರಲಿಲ್ಲ. ಸೈಕಲ್ ಹಿಡಿದುಕೊಂಡು ಒಬ್ಬಳೇ ನಕ್ಕೆ. ಈ ಪೆದ್ದ ಇನ್ನೂ ಬರುವ ಸಮಯವನ್ನೇ ಇಡುತ್ತಿದ್ದಾನೆ.

ಎರಡು ಮೂವತ್ತೆರಡಕ್ಕೆ ಬಂದ, ಏದುಸಿರು ಬಿಡುತ್ತ, ತನ್ನ ಸೈಕಲ್ಲಿನ ಹ್ಯಾಂಡಲಿಗೆ ಕೇಕಿನ ಡಬ್ಬಿ ನೇತುಹಾಕಿಕೊಂಡು.

"ಬೇಕರೀಲಿ ಸಾಲು ಇತ್ತು."

"ಎರಡು ನಿಮಿಷ ಲೇಟು. ನಿಯಮ ಗೊತ್ತಲ್ಲ? ನಿನ್ನ ಜಾಗಾನ ಯಾರಿಗೆ ಬೇಕಾದ್ರೂ ಕೊಡಬಹುದು."

ಅವನ ಮುಖ ನಿಜವಾಗಿಯೂ ಬಿಳಿಚಿಕೊಂಡಿತು. "ಕೊಟ್ಬಿಟ್ಯಾ?"

"ನಿನ್ನ ಲೆಕ್ಕದಲ್ಲಿ ಟೈಮ್ ಮುಗೀತು. ನನ್ನ ಲೆಕ್ಕದಲ್ಲಿ ಇನ್ನೂ ಐವತ್ತೆಂಟು ನಿಮಿಷ ಇದೆ. ಅಷ್ಟರಲ್ಲಿ ಏನೋ ಹೇಳ್ತೀನಿ ಅಂದಿದ್ಯಲ್ಲ, ಹೇಳು."

ಹೇಳಿದ. ಐವತ್ತೆಂಟು ನಿಮಿಷವೇನೂ ಬೇಕಾಗಲಿಲ್ಲ. ಉಳಿದದ್ದರಲ್ಲಿ ಮೆಟ್ಟಿಲ ಮೇಲೆ ಕೂತು ಕೇಕು ತಿಂದೆವು.