ಇನ್ನೂರ ಹದಿನಾಲ್ಕು ಜನರಿಗೆ ಹೋದ ಮಾತು

"ಕಂಪ್ಯೂಟರ್ ಎಲ್ಲಿ?"

ಎರಡು ವರ್ಷದ ಮೇಲೆ ಬಾಗಿಲಲ್ಲಿ ಬಂದು ನಿಂತವನ ಮೊದಲ ಮಾತು ಇದು! ಹೆಗಲಲ್ಲಿ ಅದೇ ಕಪ್ಪು ಚೀಲ, ಜೇಬಿನಲ್ಲಿ ಅದೇ ಸ್ಕ್ರೂಡ್ರೈವರ್. ಅವಳು ಒಳಗಿದ್ದ ಅಪ್ಪನತ್ತ ತಿರುಗಿ ನೋಡಿದಳು.

‘ಅಪ್ಪ ಇವನನ್ನೇ ಕರೆಸಬೇಕಿತ್ತಾ? ಊರಲ್ಲಿ ಬೇರೆ ರಿಪೇರಿಯವರೇ ಇರಲಿಲ್ಲವಾ?’

"ಒಳಗೆ... ಬನ್ನಿ."

ಆ ‘ಬನ್ನಿ’ ಇಬ್ಬರಿಗೂ ಚುಚ್ಚಿತು. ಹಿಂದೆಲ್ಲ ಅದು ‘ಬಾರೋ’ ಆಗಿತ್ತು.

ಕಥೆಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುವುದು ಅವಳ ಕೆಲಸ. ಯಾರ ದನಿಯಾದರೂ ಅವಳ ಗಂಟಲಿಗೆ ಸಲೀಸು: ಹಲ್ಲಿನ ಡಾಕ್ಟರದು, ಪಕ್ಕದ ಮನೆ ಅತ್ತೆಯದು, ಕೆಟ್ಟ ಮಿಕ್ಸಿಯದೂ! ಎರಡು ವರ್ಷದ ಹಿಂದೆ ಗೆಳತಿಯರ ನಡುವೆ ಇವನ ದನಿಯನ್ನೂ ತೆಗೆದಿದ್ದಳು.

"ನ... ನನ್ನ ಮದ್ವೆ ಆಗ್ತೀಯಾ? ಆಗಲ್ಲ ಅಂದ್ರೆ ಒಂದ್ಸಲ ಆಫ್ ಮಾಡಿ ಆನ್ ಮಾಡು!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದ ಅವನು ನಗಲಿಲ್ಲ. ಹಿಂದಿನ ದಿನವಷ್ಟೇ ತೊದಲುತ್ತಾ ಅದನ್ನು ಅವಳೊಬ್ಬಳನ್ನೇ ಕೇಳಿದ್ದ. ಉತ್ತರವಿನ್ನೂ ಬಾಕಿಯಿತ್ತು.

ಅಂದಿನಿಂದ ಮಾತಿಲ್ಲ.

ಈಗ ಒಳಗೆ ಬಂದವನು ಮೊದಲು ಇಂಟರ್‌ನೆಟ್ ತಂತಿ ಕಿತ್ತ. "ಯಾವಾಗಿಂದ ನಿಧಾನ?"

"ಸೋಮವಾರದಿಂದ. ಫೈಲ್ ಒತ್ತಿ ಸ್ನಾನಕ್ಕೆ ಹೋಗಿ ಬಂದ್ರೂ ತೆರೆದಿರಲ್ಲ. ನಾಳೆ ಹನ್ನೆರಡು ಅಧ್ಯಾಯ ಕೊಡ್ಬೇಕು..."

"ಹೊಸದಾಗಿ ಏನಾದ್ರೂ ಹಾಕಿದ್ರಾ?"

ನಿವೃತ್ತ ಹೆಡ್‌ಮಾಸ್ತರರಾದ ಅಪ್ಪ ಪತ್ರಿಕೆಯ ಹಿಂದೆ ಇನ್ನಷ್ಟು ಅಡಗಿದರು.

"ಅಪ್ಪಾ...?"

"ಕಂಪ್ಯೂಟರ್ ವೇಗ ಹೆಚ್ಚಿಸುತ್ತೆ ಅಂತಿತ್ತಮ್ಮ. ಉಚಿತ ಅಂತ ಬೇರೆ ಬರೆದಿದ್ರು!"

"ಹೆಚ್ಚಿದ್ದು ವೈರಸ್ಸಿನ ವೇಗ, ಸಾರ್," ಎಂದ ಅವನು, ಮುಖದಲ್ಲಿ ನಗೆಯಿಲ್ಲದೆ.

ಪೆನ್‌ಡ್ರೈವ್‌ನಿಂದ ಯಂತ್ರ ಶುರು ಮಾಡಿ ತಪಾಸಣೆಗೆ ಬಿಟ್ಟ. ಒಂದೂವರೆ ಗಂಟೆ. ಹತ್ತೊಂಬತ್ತು ಕಳ್ಳ ಫೈಲುಗಳು ಸಿಕ್ಕವು. ಒಂದೊಂದನ್ನೇ ಅಳಿಸಿದ. ಕಂಪ್ಯೂಟರ್ ಜೊತೆಗೇ ತಾನೂ ಎದ್ದು ಕೂರುತ್ತಿದ್ದ ‘ಉಚಿತ’ವನ್ನು ಬೇರುಸಹಿತ ಕಿತ್ತ. ಮತ್ತೆ ಆನ್ ಮಾಡಿದಾಗ ಅರ್ಧ ನಿಮಿಷದಲ್ಲಿ ಪರದೆ ಬೆಳಗಿತು.

"ರೆಕಾರ್ಡಿಂಗ್?"

"ಎಲ್ಲಾ ಇವೆ. ಈಗ ಪಾಸ್‌ವರ್ಡ್ ಬದಲಾಯಿಸಿ. ಮೊದಲು ಮೇಲ್‌ದು... ಫೋನಿಂದ."

ಅವಳು ಮೇಲ್ ತೆರೆದಳು. ತಾನು ಬರೆಯದ ಪತ್ರಗಳ ಸಾಲು! ಇನ್ನೂರ ಹದಿನಾಲ್ಕು ಜನರಿಗೆ ಒಂದೇ ಮಾತು: ‘ನಿನ್ನ ನೆನಪಾಗ್ತಿದೆ. ಇದನ್ನು ತೆರೆದು ನೋಡು...’

"ಅಯ್ಯಯ್ಯೋ! ಹಲ್ಲಿನ ಡಾಕ್ಟರಿಗೂ ನೆನಪಾಗ್ತಿದೆ ಅಂತ ಹೋಗಿದೆ!"

ಅಪ್ಪ ಪತ್ರಿಕೆ ಬಿಟ್ಟು ನಕ್ಕರು. ಅವಳ ಬೆರಳು ಮಾತ್ರ ಒಂದು ವಿಳಾಸದ ಮೇಲೆ ನಿಂತುಬಿಟ್ಟಿತು.

"ನಿಮಗೂ... ಬಂತಾ?"

"ಬಂತು."

"ತೆರೆದ್ರಾ?"

ಅವನು ಸುತ್ತಿಟ್ಟ ತಂತಿಯನ್ನೇ ಬಿಚ್ಚಿ ಮತ್ತೆ ಸುತ್ತತೊಡಗಿದ.

"ಗುರುತಿಲ್ಲದ ಲಿಂಕ್ ಒತ್ತಬೇಡಿ ಅಂತ ನಿಮ್ಮಂಗಡಿ ಗೋಡೆ ಮೇಲೇ ಬರ್ದಿದೀರಲ್ರೀ!"

"ಗುರುತಿಲ್ಲದ್ದು ಆಗಿರ್ಲಿಲ್ವಲ್ಲ..." ಅವನ ಕಿವಿ ಕೆಂಪಾಯಿತು. "ಅಂಗಡಿ ಕಂಪ್ಯೂಟರ್ ಎರಡು ದಿನ ಮಲಗಿತ್ತು."

"ಮತ್ತೆ... ವೈರಸ್ ಅಂತ ಗೊತ್ತಾದ ಮೇಲೂ ಯಾಕೆ ಬಂದ್ರಿ? ಅಪ್ಪ ಕರೆದ್ರು ಅಂತಾನಾ?"

"ನಾನಾ?" ಅಪ್ಪ ಕನ್ನಡಕ ಏರಿಸಿದರು. "ನೀನು ಕರೆಸಿದೀಯ ಅಂದ್ಕೊಂಡಿದ್ದೆ ಕಣಮ್ಮ!" ಇಬ್ಬರನ್ನೂ ಒಮ್ಮೆ ನೋಡಿದವರು, ಗಿಡಕ್ಕೆ ನೀರು ಹಾಕಬೇಕೆಂದು ಹೊರಗೆ ಹೋದರು.

"ಯಾರೂ ಕರೀಲಿಲ್ಲ," ಎಂದ ಅವನು. "ನಿಮ್ಮ ಕೆಲಸ ನಿಂತಿರುತ್ತೆ ಅನ್ನಿಸ್ತು. ಬಂದೆ."

ಅವಳ ಗಂಟಲಲ್ಲಿ ಊರಿನವರ ದನಿಗಳೆಲ್ಲ ಇದ್ದವು. ಈಗ ಒಂದೂ ನೆರವಿಗೆ ಬರಲಿಲ್ಲ.

"ಅವತ್ತು... ನಿನಗೆ ಉತ್ತರ ಹೇಳೋಕೆ ಭಯ ಆಗಿತ್ತು. ಅದಕ್ಕೇ ಎಲ್ಲರೆದುರು ತಮಾಷೆ ಮಾಡಿಬಿಟ್ಟೆ. ತಪ್ಪಾಯ್ತು." ಕಣ್ಣು ತುಂಬಿತು. "ಮೇಲ್‌ನಲ್ಲಿದ್ದ ಮಾತು ಇನ್ನೂರ ಹದಿನಾಲ್ಕು ಜನರಿಗೆ ಹೋಯ್ತು. ಇದು ನಿನಗೊಬ್ಬನಿಗೇ. ನಿನ್ನ ನೆನಪಾಗ್ತಿತ್ತು... ದಿನಾ."

ಅವನು ತಂತಿಯನ್ನು ಕೆಳಗಿಟ್ಟ.

"ಇದು ಯಾರ ದನಿ?"

"ನಂದೇ ಕಣೋ! ಅದೇ ಪ್ರಶ್ನೆ ಇನ್ನೊಂದ್ಸಲ ಕೇಳು. ಈ ಸಲ ನಗಲ್ಲ."

ಅವನು ಕೇಳಿದ. ಅದೇ ಅಳುಕು, ಅದೇ ತೊದಲು.

"ಹೂಂ."

"ಎರಡು ವರ್ಷ ಕಾಯಿಸಿ, ಒಂದೇ ಒಂದು ‘ಹೂಂ’ನಾ?"

"ಏನ್ ಮಾಡ್ಲಿ," ಅವಳು ಕಣ್ಣೊರೆಸಿಕೊಂಡು ನಕ್ಕಳು, "ರಿಪೇರಿಯವನು ಬರೋದೇ ತಡ ಆಯ್ತು..."