ಮುರಿದ ಪದರದ ಇದ್ದಿಲು

ಆಸ್ಪತ್ರೆ ಕಟ್ಟಲಿದ್ದ ಜಾಗದಡಿ ಒಂದು ಸ್ತರಭಂಗ ಹಾದುಹೋಗಿತ್ತು. ನೆಲ ಸೀಳಿ ಸರಿದ ಗೆರೆ ಅದು. ಅದು ತಣ್ಣಗಾಗಿದೆಯೋ, ಮತ್ತೆ ಕಂಪಿಸಬಲ್ಲದೋ? ಊರಿನಲ್ಲಿ ಮಣ್ಣಿನ ಪದರಗಳೆಲ್ಲ ಕದಡಿಹೋಗಿದ್ದವು. ಉತ್ತರ ಸಿಗುವುದಿದ್ದರೆ ಅದೇ ಗೆರೆ ಮತ್ತೆ ಕಾಣಿಸುವ ಬೆಟ್ಟದ ಕೊರಕಲಿನಲ್ಲಿ. ಮೂವರು ಹೊರಟರು: ಭೂವಿಜ್ಞಾನಿ, ಗಣಿಯಿಂದ ನಿವೃತ್ತನಾದ ಅವಳ ಸೋದರಮಾವ, ಆಸ್ಪತ್ರೆಯ ಎಂಜಿನಿಯರ್.

"ಗಟ್ಟಿ ಪುರಾವೆ ಸಿಕ್ಕರೆ ಕಾಯ್ತೀನಿ. ಇಲ್ಲಾಂದ್ರೆ ಸೋಮವಾರ ಅಡಿಪಾಯ ಅಗೆಯೋದೇ," ಎಂದಿದ್ದ ಎಂಜಿನಿಯರ್.

ಸೊಂಟಮಟ್ಟದ ಹೊಳೆ ದಾಟಿ, ಬಂಡೆಗಳನ್ನು ತಬ್ಬಿಕೊಂಡು ಹತ್ತಿ ಕೊರಕಲು ಸೇರಿದರು. ಎಡಗೋಡೆಯ ಬಿಳಿ ಪಟ್ಟೆ ನೇರವಾಗಿ ಬಂದು, ಒಂದೆಡೆ ತುಂಡಾಗಿ, ಆಳುದ್ದ ಕೆಳಗಿನಿಂದ ಮತ್ತೆ ಮುಂದುವರಿದಿತ್ತು. ಅದರ ಬುಡದಲ್ಲಿ ಕಂದಕ ತೋಡಿದರು. ಮಾವ ಎರಡೂ ಬದಿಗೆ ಮರದ ಆಸರೆ ಬಿಗಿದ. ಒಳಗೆ ಬೂದು ಮಣ್ಣಿನ ಪದರವೂ ಹಾಗೆಯೇ ಕತ್ತರಿಸಿ ಜಾರಿತ್ತು. ಅದರಲ್ಲಿ ಇದ್ದಿಲಿನ ಚೂರುಗಳು!

"ಈ ಇದ್ದಿಲಿನ ವಯಸ್ಸು ತಿಳಿದರೆ ಸಾಕು. ನೆಲ ಮುರಿದದ್ದು ಇದಾದ ಮೇಲೇ," ಎಂದು ಅವಳು ಚಿಮಟದಿಂದ ಚೂರನ್ನೆತ್ತಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದಳು.

ಎಂಜಿನಿಯರ್ ಮೇಲೆ ಉರಿಯುತ್ತಿದ್ದ ಚಹಾದ ಒಲೆಯತ್ತ ನೋಡಿದ. "ಇದು ನಿಮ್ಮ ಮಾವನ ಒಲೆಯದ್ದಲ್ಲ ಅಂತ ಹೇಗೆ ಹೇಳ್ತೀರಿ?"

ಅವಳೂ ತಲೆಯೆತ್ತಿದಳು. ಚಳಿಗೆಂದು ಕಂದಕದ ಅಂಚಿನಲ್ಲೇ ಒಲೆ ಹೂಡಲು ಹೇಳಿದವಳು ಅವಳೇ. ಗಾಳಿ ಚೂರುಗಳನ್ನು ನೇರ ಒಳಕ್ಕೆ ಸುರಿಯುತ್ತಿತ್ತು. ಪೊಟ್ಟಣವನ್ನು ಎಸೆದಳು.

"ಚಹಾ ಕುಡಿಯೋಕೆ ಮೂರು ಜನ, ಬೈಸಿಕೊಳ್ಳೋಕೆ ನಾನೊಬ್ಬ!" ಎಂದು ಗೊಣಗುತ್ತ ಮಾವ ಬೆಂಕಿಗೆ ನೀರು ಸುರಿದ.

ಅಷ್ಟರಲ್ಲಿ ಮಳೆ ಶುರುವಾಯಿತು. ಕಂದಕದ ಗೋಡೆ ಬೆವರತೊಡಗಿತು.

"ಗಾಳಿ ಸೋಕದ ಒಳಮಣ್ಣಿನಿಂದ ತೆಗೀಬೇಕು ಮಾವ."

ಮಾವ ಆಸರೆಗಳನ್ನು ತಟ್ಟಿ ನೋಡಿದ. "ಮರ ಕಿರ್ರೆಂದ್ರೆ ಮೇಲೆ ಬಂದುಬಿಡು ಮಗಳೇ. 'ಇನ್ನೊಂದು ನಿಮಿಷ' ಅನ್ನೋ ನಿನ್ನ ರಾಗ ಬೇಡ."

ಎಂಜಿನಿಯರ್ ಹಗ್ಗದ ಒಂದು ತುದಿಯನ್ನು ಅವಳಿಗೆ ಕಟ್ಟಿ, ಇನ್ನೊಂದನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡ.

ಅವಳು ಇಳಿದಳು. ಕೆರೆದಳು. ತೋಳು ಮುಳುಗುವಷ್ಟು ಒಳಹೊಕ್ಕಳು. ಗಟ್ಟಿ ಜೇಡಿಯ ಹಿಡಿತದಲ್ಲಿ ಸುಟ್ಟ ಕಡ್ಡಿಯೊಂದು ಸಿಕ್ಕಿತು. ಅದನ್ನು ಹೊಸ ಹಾಳೆಯಲ್ಲಿ ಸುತ್ತಿ ಮುಷ್ಟಿಯಲ್ಲಿ ಬಿಗಿಹಿಡಿದಳು.

ಕಿರ್ರ್!

"ಇನ್ನೊಂದು..."

"ಎಳೀರಿ ಸಾರ್!" ಮಾವ ಅರಚಿದ.

ಹಗ್ಗ ಜಗ್ಗಿತು. ಅವಳು ಅಂಚಿಗೆ ಬಿದ್ದಳು. ಹಿಂದೆಯೇ ಕಂದಕ ಕುಸಿಯಿತು.

ಮೈಯೆಲ್ಲ ಕೆಸರು. ಮುಷ್ಟಿ ಬಿಚ್ಚಿದಾಗ ಬೆಳ್ಳಿಬಣ್ಣದ ಪೊಟ್ಟಣ ನೆನೆಯದೆ ಉಳಿದಿತ್ತು.

"ವರದಿ ಬರೋವರೆಗೂ ಗುದ್ದಲಿ ಮುಟ್ಟಲ್ಲ," ಎಂದ ಎಂಜಿನಿಯರ್. ಉಬ್ಬಿದ ಹೊಳೆಯನ್ನು ಒಂದೇ ಹಗ್ಗ ಹಿಡಿದು ಮೂವರೂ ದಾಟಿದರು.

ಪ್ರಯೋಗಾಲಯ ಹೇಳಿತು: ಇದ್ದಿಲಿಗೆ ಸುಮಾರು ಆರುನೂರು ವರ್ಷ. ನೆಲ ಮುರಿದದ್ದು ಅದಕ್ಕೂ ಈಚೆಗೆ. ಗೆರೆ ಇನ್ನೂ ಜೀವಂತ.

ಎಂಜಿನಿಯರ್ ತಾನೇ ನೆಟ್ಟ ಗೂಟಗಳನ್ನು ಕಿತ್ತು, ಗೆರೆಯಿಂದ ದೂರದ ಗಟ್ಟಿ ನೆಲದಲ್ಲಿ ಹೊಡೆದ. ಮಾವ ಚಹಾ ಪಾತ್ರೆ ಹಿಡಿದು ನಿಂತಿದ್ದ.

"ಸಾರ್, ಇಲ್ಲಿ ಒಲೆ ಹಚ್ಚಬಹುದಾ?"

ಎಂಜಿನಿಯರ್ ಗಾಳಿಗೆ ಬೆರಳೊಡ್ಡಿ ನೋಡಿ, ಅವಳತ್ತ ಕಣ್ಣು ಹಾಯಿಸಿದ. "ಹಚ್ಚಿ. ಆದ್ರೆ ಒಲೆ ಎಲ್ಲಿ ಹೂಡೋದು ಅಂತ ಅವರನ್ನ ಕೇಳ್ಬೇಡಿ, ನನ್ನ ಕೇಳಿ!"

ಅವಳು ಎಲ್ಲರಿಗಿಂತ ಜೋರಾಗಿ ನಕ್ಕಳು.