ನಾಲ್ಕು ಪದರದ ಅಜ್ಜಿ

“ಇದರಾಗ ನಮ್ಮಜ್ಜಿ ಫೋಟೋ ಐತ್ರಿ. ದೊಡ್ಡದು ಮಾಡಿ ನಾಲ್ಕು ಕಾಪಿ ಕೊಡ್ರಿ. ಅರ್ಜೆಂಟ್!” ಐದನೇ ಕ್ಲಾಸಿನ ಭವಾನಿ ಅಪ್ಪನ ಮೊಬೈಲನ್ನು ಟೇಬಲ್ ಮೇಲಿಟ್ಟಳು.

ಸ್ಟುಡಿಯೋದ ಅಮೀನಸಾಬ ಕನ್ನಡಕ ತೆಗೆದರು. ಕುಷ್ಟಗಿಯಲ್ಲಿ ಮುದುಕರ ಫೋಟೋ ದೊಡ್ಡದು ಮಾಡಿಸುವುದು ಅವರು ತೀರಿಕೊಂಡ ಮೇಲೆಯೇ.

“ಅಯ್ಯೋ, ಪಾರ್ವತೆಮ್ಮಾರು! ಯಾವಾಗ ಆತವ್ವಾ?”

ಫೋಟೋ ತೆಗೆದದ್ದು ಯಾವಾಗ ಅಂತ ಕೇಳುತ್ತಿದ್ದಾರೆ ಎಂದುಕೊಂಡಳು ಭವಾನಿ. “ಮೊನ್ನೆ ಹುಣ್ಣಿಮಿಗ್ರಿ. ಹುಲಿಗ್ಯಾಗ, ಗುಡಿ ಮುಂದ.”

“ಮನಿ ಮಂದಿ ಎಲ್ಲಾ ಅಲ್ಲೇ ಇದ್ರೇನು?”

“ಹೂಂರಿ. ಎಲ್ಲಾರೂ ಬಿದ್ದು ಬಿದ್ದು ನಗಾಕತ್ತಿದ್ವಿ.”

ಅಮೀನಸಾಬರು ತೆರೆದ ಬಾಯಿ ಮುಚ್ಚದೆಯೇ ನಾಲ್ಕು ಕಾಪಿ ಮಾಡಿ ಕೊಟ್ಟರು.

ಮರುದಿನವೇ ಶಾಲೆಯಲ್ಲಿ ಮಕ್ಕಳ ಕೈಕೆಲಸದ ಪ್ರದರ್ಶನವಿತ್ತು. ಸಹನಾ ಟೀಚರ್ ಹೇಳಿಕೊಟ್ಟಂತೆ ಭವಾನಿ ಮನೆಗೆ ಬಂದು ಒಂದು ಫೋಟೋವನ್ನು ರಟ್ಟಿಗೆ ಅಂಟಿಸಿದಳು. ಎರಡನೆಯದರಿಂದ ಅಜ್ಜಿಯನ್ನಷ್ಟೇ ಕತ್ತರಿಸಿ, ಹಿಂದೆ ಥರ್ಮಾಕೋಲ್ ಚೂರಿಟ್ಟು ಅದರ ಮೇಲೆ ಕೂರಿಸಿದಳು. ಅದರ ಮೇಲೆ ಮೂರನೆಯದರ ಮುಖ. ಮುಖದ ಮೇಲೆ ನಾಲ್ಕನೆಯದರ ಮೂಗು. ಚಪ್ಪಟೆ ಅಜ್ಜಿ ಉಬ್ಬಿಕೊಂಡು ಹೊರಗೆ ಬಂದಳು!

ಸುದ್ದಿಗೆ ಕಾಲಿಲ್ಲ ಅನ್ನುತ್ತಾರೆ. ಸುಳ್ಳು, ಅದಕ್ಕೆ ಬೈಕೇ ಇದೆ. ಸಂಜೆಯೊಳಗೆ ಆಚೆ ಓಣಿಯ ಪಕ್ಕೀರವ್ವ, ಅಜ್ಜಿಯ ಗೆಳತಿ, ಹಾರ ಹಿಡಿದು ಅಳುತ್ತಾ ಬಂದಳು.

“ಹೋದ್ಯೇನ ಪಾರವ್ವಾ! ನನಗೊಂದು ಮಾತು ಹೇಳಲಿಲ್ಲಲ್ಲ!”

ಬಾಗಿಲು ತೆರೆದದ್ದು ಅಜ್ಜಿಯೇ. “ಎಲ್ಲಿಗೆ ಹೋಗ್ಲೆ?”

ಪಕ್ಕೀರವ್ವ ಚಿಟ್ಟನೆ ಚೀರಿ, ಹಾರ ಅಲ್ಲೇ ಬಿಟ್ಟು ಓಡಿದಳು. ಇದು ಸ್ಟುಡಿಯೋದ ಫೋಟೋದಿಂದ ಹುಟ್ಟಿದ ಸುದ್ದಿ ಎಂದು ತಿಳಿದು ಓಣಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜಿ ನಗಲಿಲ್ಲ.

“ನಾಲ್ಕು ಫೋಟೋ ಯಾಕ ಬೇಕಿತ್ತ? ಸಾಯಾಕಿ ನಾ ಒಬ್ಬಾಕಿ! ಇದು ಸಾಲಿಗೆ ಹೋಗಂಗಿಲ್ಲ,” ಎಂದು ಚಿತ್ರ ಕಸಿದುಕೊಂಡಳು.

ಭವಾನಿಗೆ ಅಳು ಬಂತು. “ಸಾಯ್ಸಾಕಲ್ಲ ಅಜ್ಜಿ, ಎಬ್ಬಿಸಾಕ! ಒಂದರ ಮ್ಯಾಲ ಒಂದಿಟ್ಟು ಎಬ್ಬಿಸೋದು. ಮುಟ್ಟಿ ನೋಡು.”

ಅಜ್ಜಿ ಕೆನ್ನೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಮೂಗಿನ ಮೇಲೆ. “ಅಯ್ಯ, ನನ್ನ ಮೂಗು ಇಷ್ಟ ಉದ್ದ ಐತೇನು? ಒಯ್ಯಿ ಹೋಗ. ನಾನೂ ಬರ್ತೀನಿ. ಇಲ್ಲಂದ್ರ ಅಲ್ಲೂ ಯಾರಾರ ಹಾರ ಹಾಕ್ತಾರ.”

ಭವಾನಿ ಕುಣಿದಾಡಿದಳು. ಅಜ್ಜಿ ಮಾತ್ರ ಗೋಡೆಯ ಕಡೆ ನೋಡುತ್ತಾ ನಿಂತಳು. ಅಲ್ಲಿ ಅಜ್ಜನ ಫೋಟೋ ಇತ್ತು. ಭವಾನಿ ಹುಟ್ಟುವ ಮೊದಲೇ ಅಜ್ಜ ತೀರಿಕೊಂಡಿದ್ದ.

“ಅವ್ರನ್ನೂ ಹಿಂಗ ಎಬ್ಬಿಸಾಕ ಬರತೈತೇನು?” ಅಜ್ಜಿ ಮೆಲ್ಲಗೆ ಕೇಳಿದಳು.

ಭವಾನಿ ಕುಣಿಯುವುದನ್ನು ನಿಲ್ಲಿಸಿದಳು. “ಬರತೈತಿ. ಆದ್ರ ಅಜ್ಜನ ಮೂಗು ಎಷ್ಟು ಎತ್ತರ ಇತ್ತು? ಫೋಟೋದಾಗ ತಿಳಿಯಂಗಿಲ್ಲ.”

ಅಜ್ಜಿ ಎರಡು ಬೆರಳಿನಿಂದ ಭವಾನಿಯ ಮೂಗು ಹಿಡಿದಳು.

“ಇಷ್ಟ ಎತ್ತರ.”

ಅಜ್ಜಿ ಒಳಗೆ ಹೋದ ಮೇಲೆ ಭವಾನಿ ತನ್ನ ಮೂಗನ್ನು ನಿಧಾನಕ್ಕೆ ಮುಟ್ಟಿ ನೋಡಿಕೊಂಡಳು.